ರಬ್ಬರ್ ಇಟ್ಟ ಪುಟ

ನಾನು ಒಂದು ಕಾದಂಬರಿಯ ಪ್ರತಿ. ನಾನೇ ಕಾದಂಬರಿ ಎಂದುಕೊಳ್ಳುವ ಧೈರ್ಯ ನನಗಿಲ್ಲ. ಕಾದಂಬರಿ ಹುಟ್ಟಿದ್ದು ಅದನ್ನು ಬರೆದವರ ತಲೆಯಲ್ಲಿ. ನಾನು ಹುಟ್ಟಿದ್ದು ಗದಗಿನ ಒಂದು ಛಾಪಖಾನೆಯ ಹಿಂದಿನ ಕೋಣೆಯಲ್ಲಿ, ನನ್ನಂಥವೇ ಸಾವಿರ ಪ್ರತಿಗಳ ನಡುವೆ. ಹದಿನಾರು ಪುಟದ ಹದಿನೆಂಟು ಮಡಿಕೆಗಳಾಗಿ ನೆಲದ ಮೇಲೆ ಬಿದ್ದಿದ್ದೆ. ಮಡಿಕೆಗಳನ್ನು ಜೋಡಿಸಿ ಹೊಲಿಯುವ ಹೆಂಗಸು ನನ್ನ ಹನ್ನೆರಡನೆಯ ಮಡಿಕೆಯನ್ನು ತಲೆಕೆಳಗಾಗಿ ಇಟ್ಟಳು. ಸೂಜಿ ಚುಚ್ಚುವ ಮುಂಚೆ ನೋಡಿದಳು, ನಾಲಿಗೆ ಕಚ್ಚಿಕೊಂಡು ತಿರುಗಿಸಿ ಇಟ್ಟಳು. ಅವಳು ಆಮೇಲೆ ಅದನ್ನು ಮರೆತಿರಬಹುದು. ನಾನು ಮರೆಯಲಿಲ್ಲ. ಎಲ್ಲೋ ಒಂದು ತಪ್ಪಾಗಿದೆ, ಯಾರೂ ಇನ್ನೂ ನೋಡಿಲ್ಲ ಎಂಬ ಅಂಜಿಕೆ ಅಂದಿನಿಂದ ನನ್ನ ಬೆನ್ನಿನ ದಾರದಲ್ಲೇ ಉಳಿದಿದೆ.

ನನ್ನೊಳಗಿನ ಕತೆ ದೊಡ್ಡದೇನಲ್ಲ. ಒಂದು ಮನೆ. ಹಾಸಿಗೆ ಹಿಡಿದ ತಾಯಿ. ಮಗ ವಾಸುದೇವ, ಅವನ ಹೆಂಡತಿ ಮಾಲತಿ. ಬೇರೆ ಮನೆಯಲ್ಲಿರುವ ಮಗಳು ಲಲಿತಾ. ಲಲಿತಾ ವಾರಕ್ಕೊಮ್ಮೆ ಬರುತ್ತಾಳೆ, ತಾಯಿಯ ತಟ್ಟೆ ನೋಡುತ್ತಾಳೆ, ಅತ್ತಿಗೆಯ ಮುಖ ನೋಡುತ್ತಾಳೆ, ಮನಸ್ಸಿನಲ್ಲೇ ತೀರ್ಪು ಕೊಟ್ಟುಕೊಂಡು ಹೋಗುತ್ತಾಳೆ. ಮೊದಲ ಅರ್ಧ ಓದಿದವರಿಗೆ ಮಾಲತಿ ಕೆಟ್ಟವಳು ಎನಿಸುತ್ತದೆ. ಉಳಿದರ್ಧ ಓದಿದವರಿಗೆ ಹಾಗೆನಿಸಿದ್ದಕ್ಕೆ ನಾಚಿಕೆಯಾಗುತ್ತದೆ. ಕೊನೆಯಲ್ಲಿ ಲಲಿತಾ ಅತ್ತಿಗೆಯ ಬಾಗಿಲಲ್ಲಿ ನಿಂತು ತಪ್ಪಾಯಿತು ಎನ್ನುತ್ತಾಳೆ. ಅಲ್ಲಿಗೆ ಮುಗಿಯಿತು. ಅತ್ತಿಗೆ ಏನೆಂದಳು ಎಂಬುದನ್ನು ಬರೆದವರು ಬರೆಯಲಿಲ್ಲ.

ನನ್ನನ್ನು ಯಾರೋ ಕೊಂಡು ಬೆಟಗೇರಿಯ ನೇಕಾರರ ಸಂಘದ ವಾಚನಾಲಯಕ್ಕೆ ದಾನ ಕೊಟ್ಟರು. ಎರಡು ಕಪಾಟು, ಒಂದು ಉದ್ದನೆಯ ಬೆಂಚು, ಒಂದು ರಿಜಿಸ್ಟರು, ಇಷ್ಟೇ ಆ ವಾಚನಾಲಯ. ನೋಡಿಕೊಳ್ಳುತ್ತಿದ್ದವರು ರಾಜೇಸಾಬರು. ಅವರದೊಂದು ಪದ್ಧತಿಯಿತ್ತು. ಪ್ರತಿ ಪುಸ್ತಕದ ಕೊನೆಯಲ್ಲಿ ಒಂದು ಖಾಲಿ ಹಾಳೆ ಅಂಟಿಸಿ, ಮೇಲ್ಗಡೆ 'ಓದಿದವರ ಅನಿಸಿಕೆ' ಎಂದು ದುಂಡಗೆ ಬರೆಯುತ್ತಿದ್ದರು. ಓದಿದವರು ಅಲ್ಲಿ ಒಂದು ಸಾಲು ಬರೆಯಬಹುದು. ಒಳಪುಟಗಳಲ್ಲಿ ಮಾತ್ರ ಏನೂ ಗೀಚಬಾರದು.

ಮೊದಲು ನನ್ನನ್ನು ಒಯ್ದವರು ಊರ ಲೆಕ್ಕ ಬರೆಯುತ್ತಿದ್ದ ನಿವೃತ್ತ ತಲಾಟಿ ಒಬ್ಬರು. ಮೂರು ದಿನದಲ್ಲಿ ಮುಗಿಸಿ, ಅನಿಸಿಕೆಯ ಹಾಳೆಯಲ್ಲಿ ಶಾಯಿಯಿಂದ ಹೀಗೆ ಬರೆದರು: 'ಅತ್ತಿಗೆ ಏನೆಂದಳು? ಲೇಖಕರು ಹೇಳಬೇಕಿತ್ತು.' ಅವರ ನಂತರ ಒಯ್ದ ಕಾಲೇಜು ಹುಡುಗಿ ಅದರ ಕೆಳಗೆ 'ಚೆನ್ನಾಗಿದೆ' ಎಂದಷ್ಟೇ ಬರೆದಳು. ಇನ್ನೊಬ್ಬರ ಮನೆಯಲ್ಲಿ ಅರವತ್ತನೆಯ ಪುಟಕ್ಕೆ ಹುಣಸೆಹುಳಿಯ ಕಲೆ ಆಯಿತು. ಇಷ್ಟರ ಹೊರತು ನನಗೆ ಏನೂ ಆಗಿರಲಿಲ್ಲ. ಆಗ ಬನಶಂಕರಿ ಬಂದಳು.

ಬನಶಂಕರಿಗೆ ಆಗ ನಲವತ್ತೆರಡು. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ತವರಿನ ಹಿಂದಿನ ಓಣಿಯಲ್ಲೇ ಒಂದು ಕೋಣೆಯ ಮನೆ. ವಿದ್ಯುತ್ ಮಗ್ಗದ ಶೆಡ್ಡಿನಲ್ಲಿ ನೂಲನ್ನು ಕಂಡಿಕೆಗೆ ಸುತ್ತುವ ಕೆಲಸ. ಅಕ್ಷರ ಕಲಿತದ್ದು ಮೂವತ್ತು ದಾಟಿದ ಮೇಲೆ, ಸಂಘದ ಪಡಸಾಲೆಯಲ್ಲಿ ಸಂಜೆ ಏಳಕ್ಕೆ ಸೇರುತ್ತಿದ್ದ ಹೊಂಬಳ ಮಾಸ್ತರರ ತರಗತಿಯಲ್ಲಿ. ಅಲ್ಲಿಂದಲೇ ಹತ್ತನೆಯ ತರಗತಿಯ ಪರೀಕ್ಷೆ ಕಟ್ಟಿ ಪಾಸಾಗಿದ್ದಳು. ಪಾಸಾದದ್ದು ನಿಜವೋ ಅಥವಾ ನಂಬರು ಅದಲುಬದಲಾಗಿತ್ತೋ ಎಂದು ಅವಳಿಗೆ ಆಗಲೂ ಒಂದು ಅನುಮಾನವಿತ್ತು.

ಹೊಂಬಳ ಮಾಸ್ತರು ದೊಡ್ಡವರಾದ ಮೇಲೆ ಓದು ಕಲಿತವರಿಗೆ ಒಂದು ಉಪಾಯ ಹೇಳಿಕೊಟ್ಟಿದ್ದರು. ಕಾದಂಬರಿಯಲ್ಲಿ ಬಹಳ ಹೆಸರು ಬಂದರೆ ಗೊಂದಲವಾಗುತ್ತದೆ. ಆದ್ದರಿಂದ ಪ್ರತಿ ಹೆಸರಿನ ಪಕ್ಕ, ಅಂಚಿನಲ್ಲಿ, ನಿಮಗೆ ಗೊತ್ತಿರುವ ಅಂಥದೇ ಒಬ್ಬರ ಹೆಸರು ಬರೆದುಕೊಳ್ಳಿ. ಓದುತ್ತ ಅನಿಸಿದ್ದನ್ನೂ ಅಲ್ಲೇ ಬರೆಯಿರಿ. ಪೆನ್ಸಿಲ್ಲಿನಲ್ಲಿ ಬರೆದು, ವಾಪಸು ಕೊಡುವ ಮುಂಚೆ ಅಳಿಸಿಬಿಡಿ. ಉಳಿದವರು ಈ ಉಪಾಯವನ್ನು ಒಂದು ವರ್ಷದಲ್ಲಿ ಬಿಟ್ಟರು. ಬನಶಂಕರಿ ಬಿಡಲಿಲ್ಲ. ಮಾಸ್ತರು ಹೇಳಿದ್ದನ್ನು ಬಿಡುವಷ್ಟು ತಾನು ಕಲಿತಿದ್ದೇನೆ ಎಂದು ಅವಳಿಗೆ ಯಾವತ್ತೂ ಅನಿಸಲಿಲ್ಲ.

ನನ್ನನ್ನು ಒಯ್ದ ಮೊದಲ ದಿನವೇ ಹನ್ನೆರಡನೆಯ ಪುಟದ ಅಂಚಿನಲ್ಲಿ ಬರೆದಳು: 'ವಾಸುದೇವ: ತೋಟಣ್ಣ. ಮಾಲತಿ: ವೈನಿ. ತಾಯಿ: ಅವ್ವ. ಲಲಿತಾ: ನಾನು.' ತೋಟಪ್ಪ ಅವಳ ಅಣ್ಣ, ಕೈಮಗ್ಗದ ನೇಕಾರ. ವೈನಿ ಎಂದರೆ ಅಣ್ಣನ ಹೆಂಡತಿ ದಾಕ್ಷಾಯಣಿ. ಅವ್ವ ಸಂಕವ್ವ ಎರಡು ವರ್ಷದಿಂದ ಅಣ್ಣನ ಮನೆಯಲ್ಲಿ ಹಾಸಿಗೆ ಹಿಡಿದಿದ್ದಳು. ಅಮಾವಾಸ್ಯೆಗೆ ಮಗ್ಗಕ್ಕೆ ರಜೆ. ಆ ದಿನ ಮತ್ತು ವಾರದಲ್ಲಿ ಒಂದು ಸಂಜೆ ಬನಶಂಕರಿ ಅವ್ವನನ್ನು ನೋಡಲು ಹೋಗುತ್ತಿದ್ದಳು. ಗಂಡನಿಲ್ಲದ, ಮಕ್ಕಳಿಲ್ಲದ ಅವಳಿಗೆ ಆ ಹೋಗಿಬರುವುದೊಂದೇ ಇತ್ತು.

ದೊಡ್ಡವರಾದ ಮೇಲೆ ಅಕ್ಷರ ಕಲಿತವರು ಪೆನ್ಸಿಲನ್ನು ಒತ್ತಿ ಹಿಡಿಯುತ್ತಾರೆ. ಅವಳ ಒಂದೊಂದು ಅಕ್ಷರವೂ ನನ್ನ ಮೈಯಲ್ಲಿ ಇಳಿಯುತ್ತಿತ್ತು. ನನಗೆ ಅದು ನೋವೆನಿಸಲಿಲ್ಲ. ಅವಳಷ್ಟು ಮನಸ್ಸಿಟ್ಟು ನನ್ನನ್ನು ಯಾರೂ ಓದಿರಲಿಲ್ಲ. 'ನಾಕ ಪುಟ ಅಡಿಗಿಮನಿ ಬಣ್ಣಿಸ್ಯಾರ, ನೀರು ಯಾರು ತಂದ್ರು ಅಂತ ಬರದಿಲ್ಲ?' 'ವಾಸುದೇವ ಎಲ್ಲಾದಕ್ಕೂ ಸುಮ್ಮನ ಇರತಾನ, ಗಂಡಸರು ಹಿಂಗ ಇರತಾರೇನು?' ಹೀಗೆ ಪ್ರತಿ ಅನಿಸಿಕೆಯ ಕೊನೆಗೂ ಒಂದು ಪ್ರಶ್ನೆಚಿಹ್ನೆ ಹಾಕುತ್ತಿದ್ದಳು. ತನಗೆ ಅನಿಸಿದ್ದು ಸರಿಯಿರಲಾರದು ಎಂಬ ಭಯ ಅದು.

ಮೂವತ್ತೆಂಟನೆಯ ಪುಟದಲ್ಲಿ ಮಾಲತಿ ಅತ್ತೆಗೆ ನೀರಾದ ಗಂಜಿ ಕೊಡುವ ಸನ್ನಿವೇಶವಿದೆ. ಅದನ್ನು ಓದಿ ಬನಶಂಕರಿ ಬಹಳ ಹೊತ್ತು ಪೆನ್ಸಿಲ್ ಕಚ್ಚಿ ಕುಳಿತಳು. ಆಮೇಲೆ ಬರೆದಳು: 'ಮಾಲತಿ ನಮ್ಮ ವೈನಿ ಇದ್ದಂಗ ಅದಾಳ. ಮಂದಿ ಮುಂದ ಅತ್ತಿ ಅತ್ತಿ ಅಂತಾಳ, ಬಾಗಲಾ ಹಾಕಿಂದ ನೀರಗಂಜಿ ಹಾಕತಾಳ. ಅವ್ವ ಸೊರಗಿ ಹೋಗಲಿ ಅಂತ ಕಾಯಾಕತ್ತಾಳ.'

ಅಲ್ಲಿ ಪ್ರಶ್ನೆಚಿಹ್ನೆ ಇರಲಿಲ್ಲ.

ಎಪ್ಪತ್ತನಾಲ್ಕರಲ್ಲಿ ಒಂದು, ನೂರಾ ಹನ್ನೆರಡರಲ್ಲಿ ಒಂದು, ಅಂಥವೇ ಬರೆದಳು. ಅವಳನ್ನು ನಾನು ಕೆಟ್ಟವಳೆನ್ನಲಾರೆ. ಎದುರಿಗೆ ಒಂದು ಮಾತೂ ಆಡಲಾಗದವರು ಬರೆಯಲು ಕಲಿತಾಗ ಹೀಗಾಗುತ್ತದೆಯೋ ಏನೋ.

ಮುಂದೆ ಕತೆ ತಿರುಗಿತು. ನನ್ನ ಇನ್ನೂರ ನಲವತ್ತಾರನೆಯ ಪುಟದಲ್ಲಿ ಲಲಿತಾ ತಾಯಿಗೆ ಪ್ರೀತಿಯಿಂದ ಒಂದು ಚಕ್ಕುಲಿ ತಿನ್ನಿಸುತ್ತಾಳೆ. ಅದು ತಾಯಿಯ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗಟ್ಟಿಯಾದದ್ದು ನುಂಗಲಾಗದು ಎಂದೇ ಅತ್ತಿಗೆ ಗಂಜಿ ಕೊಡುತ್ತಿದ್ದಳು ಎಂದು ಲಲಿತಾಗೆ ಆಗ ತಿಳಿಯುತ್ತದೆ. ಬನಶಂಕರಿ ಆ ಪುಟವನ್ನು ಎರಡು ಸಲ ಓದಿದಳು. ಪುಟದ ಮೇಲೆ ನೀರು ಬಿತ್ತು. ಸೆರಗಿನ ತುದಿಯಿಂದ ಒತ್ತಿ ಒರೆಸಿ, ಅಂಚಿನಲ್ಲಿ ಬರೆದಳು: 'ಪಂಚಮಿಗೆ ನಾ ಉಂಡಿ ತಿನಿಸಿದಾಗ ಅವ್ವಗ ಉಸರು ಸಿಗದಂಗ ಆಗಿತ್ತು. ವೈನಿ ಬೆನ್ನು ತಿಕ್ಕಿ ಉಳಿಸಿದ್ಲು. ಅದಕ್ಕ ಗಂಜಿ. ನಾ ತಪ್ಪು ತಿಳಕೊಂಡಿದ್ದೆ. ವೈನಿ ಕಾಲಿಗೆ ಬೀಳಬೇಕು.'

ಅಲ್ಲಿಯೂ ಪ್ರಶ್ನೆಚಿಹ್ನೆ ಇರಲಿಲ್ಲ.

ಆ ವಾರ ಅವ್ವನ ಮನೆಗೆ ಹೋದಾಗ ವೈನಿಯ ಮುಂದೆ ನನ್ನನ್ನು ಬಹಳ ಹೊಗಳಿದಳಂತೆ. ಒಂದು ಕಾದಂಬರಿ ಓದುತ್ತಿದ್ದೇನೆ, ನಮ್ಮಂಥವರದೇ ಮನೆಯ ಕತೆ, ನೀವೂ ಓದಬೇಕು, ವಾಯಿದೆ ಬುಧವಾರಕ್ಕೆ ಮುಗಿಯುತ್ತದೆ ಎಂದಳಂತೆ. ಕಾಲಿಗೆ ಬೀಳುವುದು ಮಾತ್ರ ಅವಳಿಂದಾಗಲಿಲ್ಲ. ವೈನಿ ಗಾಬರಿಯಾಗುತ್ತಾಳೆ, ಯಾಕೆಂದು ಕೇಳುತ್ತಾಳೆ, ಕೇಳಿದರೆ ಏನು ಹೇಳುವುದು? ವೈನಿ ನನ್ನನ್ನು ಓದಲಿ, ಆಮೇಲೆ ಹೇಳಿದರೆ ಸುಲಭವಾಗುತ್ತದೆ ಎಂದುಕೊಂಡಳು.

ಮಂಗಳವಾರ ಮುಂಜಾನೆ ಕರೆಂಟ್ ಇರಲಿಲ್ಲ. ಶೆಡ್ಡು ನಿಂತಿತ್ತು. ಬನಶಂಕರಿ ರಬ್ಬರ್ ತೆಗೆದುಕೊಂಡು ಬಾಗಿಲ ಬೆಳಕಿಗೆ ಕುಳಿತಳು. ಅವಳು ಯಾವಾಗಲೂ ಕೊನೆಯ ಪುಟದಿಂದ ಹಿಂದಕ್ಕೆ ಅಳಿಸುತ್ತಿದ್ದಳು. ಓದಿ ಮುಗಿಸಿದ್ದು ಅಲ್ಲಿ, ಪುಸ್ತಕ ತೆರೆದಿರುವುದೂ ಅಲ್ಲಿ. ಇನ್ನೂರ ನಲವತ್ತಾರು ಬಂದಾಗ ಕೈ ತಡೆಯಿತು. ತನ್ನ ತಪ್ಪನ್ನು ತಾನೇ ಒಪ್ಪಿದ ಬರಹ ಬೇರೆಯವರ ಕಣ್ಣಿಗೆ ಬೀಳುವುದುಂಟೇ ಎಂದು ಉಳಿದವಕ್ಕಿಂತ ಹೆಚ್ಚು ಕಾಳಜಿಯಿಂದ ತಿಕ್ಕಿದಳು. ನೂರಾ ಮೂವತ್ತೆರಡರ ತನಕ ಬಂದಿದ್ದಳು. ಅಷ್ಟರಲ್ಲಿ ಕರೆಂಟ್ ಬಂತು, ಓಣಿಯಲ್ಲಿ ಮಗ್ಗಗಳು ಒಮ್ಮೆಲೇ ಬಡಿಯತೊಡಗಿದವು. ಕಂಡಿಕೆ ಇಲ್ಲದೆ ನಾಲ್ಕು ಮಗ್ಗ ನಿಲ್ಲುತ್ತವೆ ಎಂದು ಅವಳು ಎದ್ದಳು. ರಬ್ಬರನ್ನು ನೂರಾ ಮೂವತ್ತೊಂದನೆಯ ಪುಟದಲ್ಲಿ ಗುರುತಿಗಿಟ್ಟು ನನ್ನನ್ನು ಮುಚ್ಚಿ, ಗೂಡಿನಲ್ಲಿಟ್ಟು ಹೋದಳು. ಉಳಿದದ್ದು ಸಂಜೆಗೆ.

ಮಧ್ಯಾಹ್ನ ದಾಕ್ಷಾಯಣಿ ಬಂದಳು. ಸಂಕವ್ವ ಮಗಳಿಗೆಂದು ಕಳಿಸಿದ ಜೋಳದ ರೊಟ್ಟಿ, ಝುಣಕ ತಂದಿದ್ದಳು. ಕೀಲಿ ಬಾಗಿಲ ಮೇಲಿನ ಸಂದಿಯಲ್ಲಿರುವುದು ಅವಳಿಗೆ ಗೊತ್ತು. ಗೂಡಿನಲ್ಲಿ ನನ್ನನ್ನು ನೋಡಿದಳು. ಪಕ್ಕದ ಮನೆಯವಳಿಗೆ ಹೇಳಿಹೋದಳು: "ನಾಳೆ ವಾಯಿದೆ ಮುಗೀತದ ಅಂತ ಈಕಿ ಇವತ್ತ ನಿದ್ದಿ ಮಾಡೂದಿಲ್ಲ. ನಾನ ಹೋಗಿ ನನ್ನ ಹೆಸರಿಗೆ ಬರಸ್ಕೋತೀನಿ ಅಂತ ಹೇಳ್ರಿ. ಅತ್ತಿ ಮುಂದ ಓದಿ ಹೇಳಿದಂಗೂ ಆತು."

ನಾದಿನಿಗೆ ಒಂದು ನಡಿಗೆ ಉಳಿಯಲಿ ಎಂದು ಅವಳು ಹಾಗೆ ಮಾಡಿದಳು. ಇದನ್ನು ನಾನು ಎಷ್ಟು ಸಲ ನೆನೆದರೂ ಕಡಿಮೆಯೇ.

ಸಂಜೆ ಬನಶಂಕರಿ ಮೂರು ಸಲ ಅಣ್ಣನ ಓಣಿಯ ಮೂಲೆಯವರೆಗೆ ಹೋಗಿ ತಿರುಗಿ ಬಂದಳಂತೆ. ಪುಸ್ತಕ ವಾಪಸು ಕೊಡಿ ಎಂದರೆ ವೈನಿಗೆ ಸಂಶಯ ಬರುತ್ತದೆ. ಸುಮ್ಮನಿದ್ದರೆ, ವೈನಿಗೆ ಎಲ್ಲಿ ಪುರುಸೊತ್ತು, ಓದದೆಯೂ ಇರಬಹುದು. ಹೀಗೆ ನೆನೆಯುತ್ತಾ, ವಾರದ ಭೇಟಿಯನ್ನೂ ತಪ್ಪಿಸಿ, ಅಮಾವಾಸ್ಯೆಯ ತನಕ ದಿನ ಕಳೆದಳು.

ದಾಕ್ಷಾಯಣಿಗೆ ಪುರುಸೊತ್ತಿತ್ತು. ದಿನಾ ಊಟವಾದ ಮೇಲೆ ಅತ್ತೆಯ ಮಂಚದ ಪಕ್ಕ ಕುಳಿತು ನನ್ನನ್ನು ಜೋರಾಗಿ ಓದುತ್ತಿದ್ದಳು. ಸಂಕವ್ವನಿಗೆ ಕಣ್ಣು ಮಂಜು, ಕಿವಿ ಚುರುಕು. ಹನ್ನೆರಡನೆಯ ಪುಟದ ಅಂಚು ನೋಡಿ ದಾಕ್ಷಾಯಣಿ ನಕ್ಕಳು.

"ಅತ್ತಿ, ನಿಮ್ಮ ಮಗಳು ನಮ್ಮನ್ನೆಲ್ಲಾ ಕತಿಯಾಗ ಸೇರಿಸ್ಯಾಳ್ರಿ. ನಾ ಮಾಲತಿ ಅಂತ."

"ನಾ ಯಾರು?" ಎಂದು ಮುದುಕಿ ಕೇಳಿತು.

"ನೀವು ತಾಯಿ. ಹಾಸಿಗ್ಯಾಗ ಕುಂತು ಎಲ್ಲಾರ್ನೂ ಆಳೂದು."

ಮುದುಕಿ ಬೊಚ್ಚು ಬಾಯಿ ತೆರೆದು ನಕ್ಕಿತು. ಆ ಮನೆಯಲ್ಲಿ ನಾನು ಕೇಳಿದ ನಗು ಅಂದಿನದೊಂದೇ.

ಮರುದಿನ ಮೂವತ್ತೆಂಟನೆಯ ಪುಟ ಬಂತು. ಗಂಜಿಯ ಸನ್ನಿವೇಶವನ್ನು ಅವಳು ಓದುತ್ತಿದ್ದಳು. ಕಣ್ಣು ಅಂಚಿಗೆ ಹೋಯಿತು. ಧ್ವನಿ ನಿಂತಿತು. ಅವಳು ನನ್ನನ್ನು ಕಣ್ಣಿನ ಹತ್ತಿರಕ್ಕೆ ತಂದುಕೊಂಡಳು. ಮಂಚದ ಕೆಳಗೆ ಅದೇ ಮಧ್ಯಾಹ್ನ ಗಂಜಿ ಕುಡಿಸಿದ ಬಟ್ಟಲು ಇನ್ನೂ ಇತ್ತು.

"ಯಾಕ ನಿಂತಿ?"

"ಗಂಟಲಾ ಒಣಗೈತ್ರಿ ಅತ್ತಿ."

ನೀರು ಕುಡಿದು ಬಂದು ಮತ್ತೆ ಓದಿದಳು. ಅಚ್ಚಾದದ್ದನ್ನು ಜೋರಾಗಿ, ಅಂಚಿನದ್ದನ್ನು ಮನಸ್ಸಿನಲ್ಲಿ. ಎಪ್ಪತ್ತನಾಲ್ಕನ್ನೂ ಹಾಗೇ ದಾಟಿದಳು, ನೂರಾ ಹನ್ನೆರಡನ್ನೂ. ನಾನು ಮುಚ್ಚಿಕೊಳ್ಳಬೇಕೆಂದು ಹೆಣಗಿದೆ. ಪುಸ್ತಕ ತಾನಾಗಿ ಮುಚ್ಚಿಕೊಳ್ಳುವುದು ಗಾಳಿ ಬಂದಾಗ ಮಾತ್ರ. ಆ ದಿನಗಳಲ್ಲಿ ಮಂಚದ ಪಕ್ಕದ ಕಿಟಕಿಯಿಂದ ಗಾಳಿಯೇ ಬರಲಿಲ್ಲ.

ಹನ್ನೊಂದನೆಯ ದಿನ ನೂರಾ ಮೂವತ್ತೊಂದನೆಯ ಪುಟ ತೆರೆದಾಗ ರಬ್ಬರ್ ಸಿಕ್ಕಿತು. ದಾಕ್ಷಾಯಣಿ ಅದನ್ನು ಬೆರಳಲ್ಲಿ ತಿರುಗಿಸಿ ನೋಡಿದಳು. ಮುಂದಿನ ಪುಟಗಳನ್ನು ಹೆಬ್ಬೆರಳಿನಿಂದ ಸರ್ರನೆ ಬಿಟ್ಟಳು. ಎಲ್ಲ ಸ್ವಚ್ಛ, ಹೊಲಿಗೆಯ ಸಂದಿಯಲ್ಲಿ ರಬ್ಬರಿನ ಕಸ. ಇನ್ನು ಹದಿನೈದು ಪುಟ ಓದಿದ್ದರೆ ಕತೆ ತಾನೇ ತಿರುಗತೊಡಗುತ್ತಿತ್ತು. ಅವಳು ನನ್ನನ್ನು ಮುಚ್ಚಿದಳು.

"ಮುಂದ ಆ ಹುಡುಗಿ ಏನಾದ್ಲು?" ಎಂದಿತು ಮುದುಕಿ.

"ಗೊತ್ತಿಲ್ರಿ ಅತ್ತಿ. ವಾಪಸ ಕೊಡಬೇಕು ಇದನ್ನ."

ಗಂಡನಿಗೆ ತಾನಾಗಿ ಹೇಳಿದಳೋ, ಅವನೇ ಯಾಕೆ ಮುಖ ಸಪ್ಪಗಿದೆ ಎಂದು ಕೇಳಿದನೋ, ನನಗೆ ತಿಳಿಯದು; ನಾನು ಆಗ ಗೂಡಿನಲ್ಲಿದ್ದೆ. ತೋಟಪ್ಪ ನನ್ನನ್ನು ಒಯ್ದು ಮಗ್ಗದ ಪಕ್ಕ ಇಟ್ಟುಕೊಂಡ. ಅಮಾವಾಸ್ಯೆಯ ತನಕ ಅಲ್ಲೇ ಇದ್ದೆ.

ಉಳಿದ ದಿನ ನೇಕಾರರ ಓಣಿಯಲ್ಲಿ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳುವುದಿಲ್ಲ. ಮಗ್ಗದ ಬಡಿತದಲ್ಲಿ ಜಗಳವೂ ಮುಳುಗುತ್ತದೆ. ಅಮಾವಾಸ್ಯೆಯಂದು ಮಾತ್ರ ಓಣಿ ಸುಮ್ಮನಿರುತ್ತದೆ, ಎಲ್ಲರೂ ಕಟ್ಟೆಯ ಮೇಲೆ ಇರುತ್ತಾರೆ. ಆ ದಿನವೇ ಬನಶಂಕರಿ ಬಂದಳು. ಕೈಯಲ್ಲಿ ಸಣ್ಣ ಡಬ್ಬಿ, ಅದರಲ್ಲಿ ಅವ್ವನಿಗೆಂದು ತೆಳ್ಳಗೆ ಮಾಡಿದ ರವೆ ಗಂಜಿ. ಮೊದಲ ಸಲ ಗಂಜಿ ತಂದಿದ್ದಳು. ತೋಟಪ್ಪ ನನ್ನನ್ನು ಹಿಡಿದು ಹೊಸ್ತಿಲಲ್ಲಿ ನಿಂತ.

"ಇದು ನಿನ್ನ ಅಕ್ಷರ ಹೌದಲ್ಲ?"

"ಹೌದಣ್ಣ."

"ಓದು."

ಅವಳು ಓದಲಿಲ್ಲ. ತೋಟಪ್ಪ ಓದಿದ. ಅವನು ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವನು, ಬೆರಳಿಟ್ಟು ಒಂದೊಂದೇ ಅಕ್ಷರ ಕೂಡಿಸಿ ಓದುತ್ತಾನೆ. ಅದಕ್ಕೇ ಆ ಮೂರು ಸಾಲು ಬಹಳ ಹೊತ್ತು ತೆಗೆದುಕೊಂಡವು. ನೀರಗಂಜಿ ಎಂಬ ಮಾತು ಓಣಿಯ ಆ ತುದಿಗೂ ಹೋಯಿತು. ಕಟ್ಟೆಯ ಮೇಲಿದ್ದವರು ದಾಕ್ಷಾಯಣಿಯ ಕಡೆ ನೋಡಿದರು. ನಂಬಿದವರೂ ಇರಬೇಕು. ಬರೆದದ್ದನ್ನು ಜನ ನಂಬುತ್ತಾರೆ.

"ಆಮ್ಯಾಲ ಬ್ಯಾರೆ ಬರದೀನಣ್ಣ," ಎಂದಳು ಬನಶಂಕರಿ. "ಇನ್ನೂರ ನಲವತ್ತಾರನೇ ಪುಟದಾಗ ನೋಡು. ತಪ್ಪಾತು ಅಂತ ಬರದೀನಿ."

ತೋಟಪ್ಪ ಹುಡುಕಿ ತೆರೆದ. ಅಂಚು ಖಾಲಿಯಿತ್ತು.

"ಅಳಿಸಿದ್ದೆ," ಎಂದಳು ಅವಳು. ಆ ಮಾತು ಅವಳ ಕಿವಿಗೇ ಸುಳ್ಳೆಂದು ಕೇಳಿಸಿರಬೇಕು, ತಲೆ ತಗ್ಗಿಸಿದಳು.

ದಾಕ್ಷಾಯಣಿ ಗಂಡನ ಹಿಂದಿನಿಂದ ಬಂದು, ರಬ್ಬರನ್ನು ಹೊಸ್ತಿಲ ಮೇಲೆ ಇಟ್ಟಳು.

"ಬೈದದ್ದು ಉಳಿಸಿ, ತಪ್ಪಾತು ಅಂದದ್ದು ಅಳಿಸಿತು. ಭಾಳ ಶಾಣ್ಯಾ ಐತಿ ಬನಶಂಕರಿ ನಿನ್ನ ರಬ್ಬರು."

ಯಾರೋ ಕಟ್ಟೆಯ ಮೇಲೆ ನಕ್ಕರು. ತೋಟಪ್ಪ ನಗಲಿಲ್ಲ. "ಅವ್ವ ಇರೂತನಕ ಈ ಹೊಸ್ತಿಲಾ ದಾಟಬ್ಯಾಡ," ಎಂದ. "ನೀ ಬರೂದು ಅಕಿನ್ನ ನೋಡಾಕ ಅಲ್ಲ. ಬರಕೊಳ್ಳಾಕ."

ಒಳಗಿನಿಂದ ಮುದುಕಿ ಬನಾ ಬಂದಾಳೇನು ಎಂದು ಕೇಳುತ್ತಿತ್ತು. ತೋಟಪ್ಪ ಬಾಗಿಲು ಮುಂದೆ ಮಾಡಿದ.

ನಾನು ವಾಚನಾಲಯಕ್ಕೆ ಹಿಂತಿರುಗಿದೆ. ರಾಜೇಸಾಬರು ಒಳಗೆ ತೆರೆದು ನೋಡಲಿಲ್ಲ. ನೋಡಿದ್ದರೆ ಆಗಲೇ ನನ್ನನ್ನು ಕಪಾಟಿನಿಂದ ತೆಗೆಯುತ್ತಿದ್ದರು, ಮುಂದಿನದಾದರೂ ತಪ್ಪುತ್ತಿತ್ತು. ಒಂದೂವರೆ ತಿಂಗಳ ಮೇಲೆ ಬನಶಂಕರಿ ಬಂದು ನನ್ನನ್ನು ಮತ್ತೆ ಕೇಳಿದಳು. ಬೇರೆ ಪುಸ್ತಕ ಕೇಳುವ ಹಾಗೆ ಕೇಳಲು ನೋಡಿದಳು, ಧ್ವನಿ ಸಾಲಲಿಲ್ಲ.

ಮನೆಗೆ ಬಂದವಳೇ ಇನ್ನೂರ ನಲವತ್ತಾರನೆಯ ಪುಟವನ್ನು ಕಿಟಕಿಯ ಬಿಸಿಲಿಗೆ ಓರೆಯಾಗಿ ಹಿಡಿದಳು. ಒತ್ತಿ ಬರೆದವಳಲ್ಲವೇ, ಸೀಸ ಹೋಗಿದ್ದರೂ ಗೆರೆ ಇತ್ತು. ಪಂಚಮಿ ಕಂಡಿತು, ಬೆನ್ನು ತಿಕ್ಕಿ ಕಂಡಿತು, ವೈನಿ ಕಾಲಿಗೆ ಎಂಬುದೂ ಕಂಡಿತು. ಅವಳು ನನ್ನನ್ನು ಎದೆಗೆ ಒತ್ತಿಕೊಂಡಳು. ಆ ಕ್ಷಣವೇ ಎದ್ದು ಹೋಗಿದ್ದರೆ? ಹೋಗಿ, ವೈನಿ, ಹೀಗೆ ಬಿಸಿಲಿಗೆ ಹಿಡಿದು ನೋಡಿರಿ ಎಂದಿದ್ದರೆ? ಆದರೆ ಅವಳಿಗೆ ತನ್ನ ಮೇಲೆ ನಂಬಿಕೆ ಸಾಲದು. ವೈನಿಗೆ ಕಾಣದಿದ್ದರೆ? ಮೋಡವಿದ್ದರೆ? ತಾನು ಕಾಣುತ್ತದೆ ಎಂದುಕೊಂಡದ್ದೇ ಭ್ರಮೆಯಾಗಿದ್ದರೆ? ಸಂಜೆಯ ತರಗತಿಯಲ್ಲಿ ಅವಳು ಅಕ್ಷರ ಕಲಿತದ್ದು ತಿದ್ದಿ ತಿದ್ದಿ. ಮಸುಕಾದದ್ದರ ಮೇಲೆ ಪೆನ್ಸಿಲ್ ಆಡಿಸಿದರೆ ಸ್ಪಷ್ಟವಾಗುತ್ತದೆ ಎಂದು ಮಾಸ್ತರು ಹೇಳಿದ್ದರು. ಪೆನ್ಸಿಲನ್ನು ಚೂಪು ಮಾಡಿದಳು. ಗೆರೆ ತಪ್ಪದಂತೆ, ಉಸಿರು ಹಿಡಿದು, ಹಳೆಯ ಪ್ರತಿ ಅಕ್ಷರದ ಮೇಲೂ ಹೊಸದಾಗಿ ತಿದ್ದಿದಳು.

ಬೇಡ ಎನ್ನಲು ನನಗೆ ಬಾಯಿಲ್ಲ. ಮೈತುಂಬ ಮಾತಿದ್ದೂ ಬಾಯಿಲ್ಲ.

ಮರುದಿನ ತೋಟಪ್ಪ ಸೀರೆಗಳನ್ನು ಸಂಘಕ್ಕೆ ಕೊಡಲು ಹೋಗುವ ಹೊತ್ತು ನೋಡಿ ಹೋದಳು. ದಾಕ್ಷಾಯಣಿ ಬಾಗಿಲಿಗೆ ಬಂದಳು. ನನ್ನನ್ನು ಕೈಗೆ ತೆಗೆದುಕೊಂಡಳು. ಇನ್ನೂರ ನಲವತ್ತಾರನೆಯ ಪುಟದ ಅಂಚನ್ನು ಪೂರ್ತಿ ಓದಿದಳು. ಅವಳ ಮುಖ ಒಂದು ಗಳಿಗೆ ಸಡಿಲವಾದದ್ದನ್ನು ನಾನು ಕೆಳಗಿನಿಂದ ನೋಡಿದೆ. ಆಮೇಲೆ ಅವಳು ಹೆಬ್ಬೆರಳಿನಿಂದ ಆ ಅಕ್ಷರಗಳನ್ನು ತೀಡಿದಳು. ಬೆರಳಿಗೆ ಕಪ್ಪು ಹತ್ತಿತು. ಮೂವತ್ತೆಂಟನೆಯ ಪುಟ ತೆಗೆದು ಅಲ್ಲಿಯೂ ತೀಡಿದಳು. ಬೆರಳು ಸವರಿ ಸವರಿ ಹಳತಾದ ಬರಹ ಅದು, ಏನೂ ಹತ್ತಲಿಲ್ಲ.

"ಇದು ನಿನ್ನಿ ಬರದದ್ದು," ಎಂದಳು.

"ವೈನಿ, ಅದರ ಕೆಳಗ ಹಳೇದು ಐತ್ರಿ. ದೇವರಾಣಿ."

"ಇರಲಿ. ನನಗೂ ಓದಾಕ ಬರತದ ಬನಶಂಕರಿ." ಸಿಟ್ಟಿರಲಿಲ್ಲ, ದಣಿವಿತ್ತು. "ಅವರು ಮನ್ಯಾಗಿಲ್ಲ. ಒಳಗ ಬಿಟ್ರ ನನ್ನ ಕೇಳ್ತಾರ. ಅಲ್ಲಿ ಕಿಟಕಿ ಕಡೆ ಕುಂತು ಅವ್ವನ್ನ ಮಾತಾಡ್ಸಿ ಹೋಗು."

ಬನಶಂಕರಿ ನನ್ನನ್ನು ಮಡಿಲಲ್ಲಿಟ್ಟುಕೊಂಡು ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಕುಳಿತಳು. ಒಳಗೆ ದಾಕ್ಷಾಯಣಿ ಅತ್ತೆಗೆ ಗಂಜಿ ಕುಡಿಸುತ್ತಿದ್ದಳು. ಮುದುಕಿಯ ಧ್ವನಿ ನೂಲಿನಷ್ಟು ತೆಳ್ಳಗಾಗಿತ್ತು. ಮಗಳ ಕ್ಷೇಮ ಕೇಳಿತು, ಒಳಗೆ ಯಾಕೆ ಬರಲಿಲ್ಲ ಎಂದು ಕೇಳಿತು. ಕಾಲಿಗೆ ಕೆಸರಾಗಿದೆ ಎಂದಳು ಮಗಳು. ಅದು ಬೇಸಿಗೆ.

"ಆ ಪುಸ್ತಕದಾಗಿನ ಹುಡುಗಿ ಏನಾದ್ಲು? ನಿಮ್ಮ ವೈನಿ ಅರ್ಧಕ್ಕ ಬಿಟ್ಲು."

"ಅಕಿಗೆ ತನ್ನ ತಪ್ಪು ತಿಳೀತವ್ವ. ವೈನಿ ಬಾಗಿಲಿಗೆ ಹೋಗಿ ನಿಂತು, ತಪ್ಪಾತು ಅಂದ್ಲು."

"ವೈನಿ ಏನಂದ್ಲು?"

ಒಳಗೆ ಚಮಚ ಬಟ್ಟಲಿಗೆ ತಾಗುವ ಸದ್ದು ನಿಂತಿತು. ಬನಶಂಕರಿಯ ಬೆರಳುಗಳು ನನ್ನ ರಟ್ಟನ್ನು ಹಿಡಿದುಕೊಂಡವು. ನಾನು ಹುಟ್ಟಿದಾಗಿನಿಂದ ನನ್ನಲ್ಲಿ ಇಲ್ಲದ ಆ ಒಂದು ಸಾಲಿಗಾಗಿ ನಾವಿಬ್ಬರೂ ಕಾದೆವು. ಸ್ವಲ್ಪ ಹೊತ್ತಾದ ಮೇಲೆ ಚಮಚದ ಸದ್ದು ಮತ್ತೆ ಶುರುವಾಯಿತು.

"ಅದನ್ನ ಬರದಿಲ್ಲವ್ವ," ಎಂದಳು ಬನಶಂಕರಿ.

"ಬರೀಬೇಕಾಗಿತ್ತು," ಎಂದಿತು ಮುದುಕಿ. "ಪುಸ್ತಕ ಅಂದಮ್ಯಾಲ ಬರೀಬೇಕು."

ಒಂಬತ್ತನೆಯ ದಿನ ಸಂಕವ್ವ ತೀರಿಕೊಂಡಳು. ಬನಶಂಕರಿ ಶೆಡ್ಡಿನಿಂದಲೇ ಓಡಿದಳು. ಹೊಸ್ತಿಲು ದಾಟಬೇಡ ಎಂದದ್ದು ಅವ್ವ ಇರುವ ತನಕ. ಆ ದಿನ ಅವಳನ್ನು ಯಾರೂ ತಡೆಯಲಿಲ್ಲ. ಓಣಿಯ ಎಲ್ಲರಂತೆ ಅವಳೂ ಒಳಗೆ ಹೋದಳು, ಎಲ್ಲರಂತೆ ಹೊರಗೆ ಬಂದಳು. ಇದನ್ನು ಪಕ್ಕದ ಮನೆಯವರು ಆಡಿಕೊಂಡದ್ದರಿಂದ ತಿಳಿದೆ. ನಾನು ಆಗ ಅವಳ ಗೂಡಿನಲ್ಲಿದ್ದೆ, ವಾಯಿದೆ ಮೀರಿ. ಅವಳ ಜೀವನದಲ್ಲಿ ವಾಯಿದೆ ಮೀರಿದ ಪುಸ್ತಕ ನಾನೊಂದೇ.

ದಿನಕರ್ಮ ಮುಗಿದ ಮೇಲೆ ನನ್ನನ್ನು ವಾಪಸು ತಂದಳು. ರಾಜೇಸಾಬರ ಹತ್ತಿರ ಪೆನ್ ಕೇಳಿದಳು. ಅಷ್ಟು ವರ್ಷ ನೂರಾರು ಪುಸ್ತಕ ಓದಿದ್ದರೂ ಅವಳು ಅನಿಸಿಕೆಯ ಹಾಳೆಯಲ್ಲಿ ಯಾವತ್ತೂ ಬರೆದಿರಲಿಲ್ಲ, ದೊಡ್ಡವರು ಬರೆಯುವ ಜಾಗ ಅದು ಎಂದು. ಅಂದು ಬೆಂಚಿನ ಮೇಲೆ ಕುಳಿತು, ತಲಾಟಿಯವರ ಪ್ರಶ್ನೆಯ ಕೆಳಗೆ, ಕಾಲೇಜು ಹುಡುಗಿಯ ಚೆನ್ನಾಗಿದೆಯ ಕೆಳಗೆ, ಶಾಯಿಯಲ್ಲಿ ಬರೆದಳು: 'ಅತ್ತಿಗೆ ಏನೂ ಅನ್ನಲಿಲ್ಲ.'

ಬರೆದು ರಾಜೇಸಾಬರ ಮುಂದೆ ಹಿಡಿದಳು. ಸರಿಯಿದೆಯೇನ್ರಿ ಎಂದು ಕೇಳಿದಳು. ಅವರು ಕನ್ನಡಕ ಏರಿಸಿ ನೋಡಿ, ಒಂದೂ ತಪ್ಪಿಲ್ಲ ಎಂದರು. ಅದೇ ಹೊತ್ತಿಗೆ ಪುಟ ತಿರುವಿ ಒಳಗಿನ ಪೆನ್ಸಿಲ್ ಬರಹವನ್ನೂ ನೋಡಿದರು. ನನ್ನನ್ನು ಕಪಾಟಿಗೆ ಸೇರಿಸದೆ ಬದಿಗಿಟ್ಟರು. ಬನಶಂಕರಿ ಆಮೇಲೆ ಆ ವಾಚನಾಲಯಕ್ಕೆ ಬರಲಿಲ್ಲ. ಅವಳು ಓದುವುದನ್ನೇ ಬಿಟ್ಟಳೆಂದು ಒಬ್ಬರು ಅಂದರು. ಪೆನ್ಸಿಲ್ ಇಲ್ಲದೆ ಓದುತ್ತಾಳೆಂದು ಇನ್ನೊಬ್ಬರು ಅಂದರು. ಎರಡರಲ್ಲಿ ಯಾವುದು ನಿಜವೋ ನನಗೆ ತಿಳಿಯದು.

ಗೀಚಿದ ಪುಸ್ತಕವೆಂದು ನನ್ನನ್ನು ಕಪಾಟಿನಿಂದ ತೆಗೆದರು. ಈಗ ಹಳೆಯ ಮಾಸಪತ್ರಿಕೆಗಳ ಜೊತೆ ಒಂದು ಗೋಣಿಚೀಲದಲ್ಲಿ, ಮೆಟ್ಟಿಲ ಕೆಳಗೆ ಇದ್ದೇನೆ. ಎಂಟು ವರ್ಷವಾಯಿತು. ತಪ್ಪು ಯಾರದೆಂದು ಮೊದಮೊದಲು ಬಹಳ ಯೋಚಿಸುತ್ತಿದ್ದೆ. ಮಾಸ್ತರರದೇ, ಕರೆಂಟಿನದೇ, ರೊಟ್ಟಿ ತಂದವಳದೇ, ಬರೆದವಳದೇ. ಎಲ್ಲರೂ ಒಳ್ಳೆಯದನ್ನೇ ಮಾಡಹೊರಟಿದ್ದರು. ಹೊತ್ತು ತಿರುಗಿದವನು ನಾನು. ತಪ್ಪಿಗೆ ಒಂದು ಮೈ ಬೇಕಾಗುತ್ತದೆ, ಅದು ನನ್ನದಾಯಿತು.

ಕಳೆದ ಮಳೆಗಾಲದಲ್ಲಿ ಚೀಲಕ್ಕೆ ಗೆದ್ದಲು ಹತ್ತಿತು. ನಾನು ಹಿಂದಿನ ರಟ್ಟು ಕೆಳಗಾಗಿ ಬಿದ್ದಿರುವುದರಿಂದ ಅವು ಹಿಂದಿನಿಂದ ತಿನ್ನುತ್ತ ಬರುತ್ತಿವೆ. ಅನಿಸಿಕೆಯ ಹಾಳೆ ಮೊದಲು ಹೋಯಿತು. ಲಲಿತಾ ಬಾಗಿಲಲ್ಲಿ ನಿಂತ ಪುಟ ಹೋಯಿತು. ನಿನ್ನೆ ಇನ್ನೂರ ಐವತ್ತರ ಹತ್ತಿರ ಸದ್ದು ಕೇಳಿಸಿತು.

ಮೂವತ್ತೆಂಟನೆಯ ಪುಟ ಬಹಳ ಮುಂದಿದೆ. ಅಲ್ಲಿಯ ಪೆನ್ಸಿಲ್ ಇನ್ನೂ ಚೆನ್ನಾಗಿ ಓದಬರುತ್ತದೆ.